ಹದಿನಾಲ್ಕನೇ ಮತಗಟ್ಟೆಯ ಬೋರ್ಡಿನವರು

ಎಡ ಹೆಗಲಿನ ಮೇಲೆ ಒದ್ದೆ ಬಟ್ಟೆಯ ಚೂರೊಂದಿಲ್ಲದೆ ಬೋರ್ಡಿನವರನ್ನು ಯಾರೂ ಕಂಡದ್ದಿಲ್ಲ. ಏಣಿಯ ಮೇಲಿರಲಿ, ನೆಂಟರ ಮನೆಯ ಜಗಲಿಯಲ್ಲಿರಲಿ, ಆಸ್ಪತ್ರೆಯ ಬೆಂಚಿನ ಮೇಲಿರಲಿ, ಆ ಬಟ್ಟೆ ಅವರ ಮೈಯ ಒಂದು ಅಂಗದಂತೆ ಅಲ್ಲಿರುತ್ತಿತ್ತು. ಅಂಗಡಿಗಳ ಹೆಸರು ಬರೆಯುವುದು ಅವರ ಕಸುಬು. ಮೂವತ್ತೆಂಟು ವರ್ಷಗಳಲ್ಲಿ ಅವರು ಬರೆದ ಒಂದು ಬೋರ್ಡಿನಲ್ಲೂ ಬಣ್ಣ ಇಳಿದ ಗುರುತಿರಲಿಲ್ಲ. ಹನಿ ಜಾರುವ ಮೊದಲೇ ಕೈ ಹೆಗಲಿಗೆ ಹೋಗಿ ಬಂದಿರುತ್ತಿತ್ತು; ನೋಡುತ್ತ ನಿಂತವರಿಗೆ ಹನಿಯೂ ಕಾಣುತ್ತಿರಲಿಲ್ಲ, ಕೈಯೂ ಕಾಣುತ್ತಿರಲಿಲ್ಲ.

ನಡೆಯುವಾಗ ಅವರು ನೆಲ ನೋಡುತ್ತಿರಲಿಲ್ಲ. ಕತ್ತು ಮೇಲೆತ್ತಿ, ಬೀದಿಯ ಎರಡೂ ಬದಿಯ ಫಲಕಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತ, ಕಲ್ಲಿಗೂ ಸೈಕಲ್ಲಿಗೂ ಎಡವುತ್ತ ಹೋಗುವ ಅವರನ್ನು ಕಂಡು ಹೆಂಡತಿ ನಗುತ್ತಿದ್ದಳು. "ನಿಮಗೆ ಮನುಷ್ಯರು ಕಾಣಬೇಕಾದ್ರೆ ಹಣೆ ಮೇಲೆ ಬೋರ್ಡು ಹಾಕ್ಕೋಬೇಕು ಕಣ್ರೀ," ಎನ್ನುತ್ತಿದ್ದಳು. ಮಾತು ಕಡಿಮೆಯ ಮನುಷ್ಯ. ಯಾರು ಏನು ಕೇಳಿದರೂ ಮೊದಲು "ಆಗಲಿ, ನೋಡೋಣ" ಎಂದು, ಆಮೇಲೆ ನಿಜವಾಗಿಯೂ ನೋಡುವವರು. ಬಣ್ಣ ಮಾಸಿದ ಹಳೆಯ ಫಲಕವನ್ನು ಉಜ್ಜಿ ಅದೇ ಅಕ್ಷರಗಳನ್ನು ಅದೇ ಅಳತೆಯಲ್ಲಿ ಮತ್ತೆ ಬರೆದರೆ ಅದು ಅದೇ ಫಲಕ, ಅಂಗಡಿಯೂ ಅದೇ ಅಂಗಡಿ ಎಂಬುದು ಅವರ ಬದುಕಿನ ತಿಳಿವಳಿಕೆಯಾಗಿತ್ತು. ಆ ತಿಳಿವಳಿಕೆಯೇ ಅವರನ್ನು ಒಂದು ದಿನ ನ್ಯಾಯಾಲಯದಲ್ಲಿ ಕೈಬಿಟ್ಟಿತು.

ಅವರ ಹೆಂಡತಿಗೆ ಎದೆಯ ಕಾಯಿಲೆ. ಎರಡು ವರ್ಷ ಅವಳನ್ನು ಮನೆಗೇ ಬಂದು ನೋಡಿಕೊಂಡವರು ನಿವೃತ್ತರಾದ ಒಬ್ಬ ನರ್ಸಮ್ಮ. ಆ ನರ್ಸಮ್ಮ ವಾರ್ಡಿನ ಚುನಾವಣೆಗೆ ನಿಂತಾಗ, ಹಾಸಿಗೆ ಬಿಟ್ಟು ಏಳಲಾಗದವಳು ತಾನೂ ಮತ ಹಾಕುತ್ತೇನೆಂದು ಹಟ ಹಿಡಿದಳು. ಬೋರ್ಡಿನವರು ಒಂದು ಕಡೆ, ಕ್ಷೌರದಂಗಡಿಯ ಭಾವಮೈದ ಇನ್ನೊಂದು ಕಡೆ ಹಿಡಿದು, ಕುರ್ಚಿಯ ಸಮೇತ ಅವಳನ್ನು ಶಾಲೆಯ ಹದಿನಾಲ್ಕನೇ ಮತಗಟ್ಟೆಗೆ ಹೊತ್ತುಕೊಂಡು ಹೋದರು. ಪರದೆಯ ಮರೆಯಲ್ಲಿ ಮತಪತ್ರವನ್ನೂ ಮುದ್ರೆಯನ್ನೂ ಹಿಡಿದು ಅವಳು ಬಹಳ ಹೊತ್ತು ಇದ್ದಳು. ಅಧಿಕಾರಿ ಎರಡು ಸಲ ಕೆಮ್ಮಿದ. ಹೊರಗೆ ಬಂದವಳು ಗಂಡನ ಮುಖ ನೋಡಿ, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ, "ನೆಟ್ಟಗೆ ಒತ್ತಿದೀನಿ ಕಣ್ರೀ, ಗೆರೆ ಮೇಲೆ ಬೀಳಲಿಲ್ಲ," ಎಂದಳು.

ಫಲಿತಾಂಶದ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ ದಿನ ಬೋರ್ಡಿನವರು ಅದನ್ನೂ ತುಟಿಯಲ್ಲೇ ಓದಿದರು. ನರ್ಸಮ್ಮ ನೂರ ನಲವತ್ತು ಮತಗಳಿಂದ ಸೋತಿದ್ದರು. ಗೆದ್ದವನು ಒಬ್ಬ ಕಂಟ್ರಾಕ್ಟರು. ಅದಕ್ಕೆ ಅವರು ಅಷ್ಟಾಗಿ ಬೇಸರಪಡಲಿಲ್ಲ. ಆದರೆ ಹದಿನಾಲ್ಕನೇ ಮತಗಟ್ಟೆಯ ಕಾಲಮಿನಲ್ಲಿ ನರ್ಸಮ್ಮನ ಹೆಸರಿನ ಎದುರು ಸೊನ್ನೆ ಇತ್ತು. ಅವರು ಹತ್ತಿರ ಹೋದರು, ದೂರ ಬಂದರು, ಬೋರ್ಡನ್ನು ನೋಡುವ ಹಾಗೆ ತಲೆ ವಾಲಿಸಿ ನೋಡಿದರು. ಸೊನ್ನೆಯೇ. ಅದರ ಮೇಲಿನ ಸಾಲಿನಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ, ಕಬ್ಬಿಣದಂಗಡಿಯವನಿಗೆ ಇನ್ನೂರ ಹನ್ನೆರಡು. ಪ್ರಚಾರಕ್ಕೇ ಹೋಗದ ಆ ಅಂಗಡಿಯವನು ಬೀದಿಯಲ್ಲಿ ನಿಂತು ನಗುತ್ತಿದ್ದ: "ನನ್ನ ಹೆಂಡ್ತೀನೇ ನನಗೆ ಹಾಕಿಲ್ಲ ಅಂತಾಳೆ, ಈ ಇನ್ನೂರ ಹನ್ನೆರಡು ಜನ ಯಾರಪ್ಪಾ? ಬಂದ್ರೆ ಒಂದೊಂದು ಮೊಳೆ ಬಿಟ್ಟಿ ಕೊಡ್ತೀನಿ!"

ಎಲ್ಲರೂ ನಕ್ಕರು. ಬೋರ್ಡಿನವರು ನಗಲಿಲ್ಲ. ಒಂದು ಪಟ್ಟಿಯನ್ನು ನೋಡಿ ಇನ್ನೊಂದು ಪಟ್ಟಿಗೆ ಬರೆಯುವಾಗ ಕಣ್ಣು ಒಂದು ಸಾಲು ಜಾರುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕಳ್ಳತನವಲ್ಲ, ಜಾರಿದ ಕಣ್ಣು; ನರ್ಸಮ್ಮನ ಮತಗಳು ಮೇಲಿನ ಸಾಲಿಗೆ ಬಿದ್ದಿದ್ದವು. ಪೆಟ್ಟಿಗೆ ತೆರೆದು ಎಣಿಸಿದರೆ ಅರ್ಧ ಗಂಟೆಯ ಕೆಲಸ.

ಮನೆಗೆ ಬಂದು ಹೆಂಡತಿಗೆ ಹೇಳಲೋ ಬೇಡವೋ ಎಂದು ಅವರು ಅಡುಗೆಮನೆಯಲ್ಲೇ ನಿಂತಿದ್ದರು. ಅವಳೇ ಕೂಗಿ ಕೇಳಿದಳು. ಹೇಳಿದ ಮೇಲೆ, "ಹಾಗಾದ್ರೆ ನಾನು ಹೋಗೇ ಇಲ್ಲ ಅಂತಾಯ್ತಾ?" ಎಂದಳು. ಆ ಒಂದು ಮಾತು ಅವರನ್ನು ಅಲ್ಲಾಡಿಸಿಬಿಟ್ಟಿತು. ಅವಳಿಗೆ ಉಳಿದಿರುವ ದಿನ ಕಡಿಮೆಯೆಂದು ನರ್ಸಮ್ಮ ಅವರೊಬ್ಬರಿಗೇ ಹೇಳಿದ್ದರು. ಅವಳು ಮನೆಯ ಹೊಸಿಲು ದಾಟಿ ಮಾಡಿದ ಕೊನೆಯ ಕೆಲಸ ಅದು. ಅದರ ಎದುರಿಗೆ ಸೊನ್ನೆ ಬರೆದಿತ್ತು.

ನರ್ಸಮ್ಮ ತಾವು ದೂರು ಕೊಡುವುದಿಲ್ಲವೆಂದರು. "ಸೂಜಿ ಹಾಕೋದು ಗೊತ್ತು ಅಣ್ಣಾ, ಜಗಳ ಹಾಕೋದು ಗೊತ್ತಿಲ್ಲ, ಬಿಟ್ಬಿಡಿ." ಹಾಗಾಗಿ ಬೋರ್ಡಿನವರು ಒಬ್ಬ ನೋಟರಿ ವಕೀಲರ ಬಳಿ ಹೋದರು. ಅವರು ಕನ್ನಡಕ ಹಣೆಗೇರಿಸಿ ತಾಳ್ಮೆಯಿಂದ ತಿಳಿಸಿದರು. ಅಭ್ಯರ್ಥಿ ಕೇಳದಿದ್ದರೂ ಮತದಾರರು ಮರುಎಣಿಕೆ ಕೇಳಬಹುದು. ಆದರೆ ಅದೇ ಮತಗಟ್ಟೆಯ ಮೂವರಾದರೂ ಬೇಕು, ಮೂವರೂ ತಾವು ಯಾರಿಗೆ ಮತ ಹಾಕಿದೆವೆಂದು ಬಾಯಿ ಬಿಟ್ಟು ಪ್ರಮಾಣ ಮಾಡಬೇಕು. ಅನುಮಾನವಿದೆ ಎಂದರೆ ಸಾಲದು, ತಪ್ಪು ಎಲ್ಲಿ, ಯಾವ ಸಾಲಿನಲ್ಲಿ ಎಂದು ತೋರಿಸಬೇಕು. ಎಲ್ಲವೂ ಫಲಿತಾಂಶ ಬಂದ ಮೂವತ್ತು ದಿನದೊಳಗೆ ನ್ಯಾಯಾಲಯದ ಕಿಟಕಿ ಸೇರಬೇಕು. ಮೂವತ್ತೊಂದನೇ ದಿನ ಆ ಕಿಟಕಿ ಗೋಡೆಯೇ.

"ಮೂವರು ತಾನೇ, ಇನ್ನೂರ ಹನ್ನೆರಡು ಜನ ಇದಾರೆ," ಎಂದರು ಬೋರ್ಡಿನವರು.

"ಆಗಲಿ, ಕರ್ಕೊಂಡು ಬನ್ನಿ," ಎಂದರು ವಕೀಲರು, ಯಾಕೋ ಅವರ ಮುಖ ನೋಡದೆ.

ಇಪ್ಪತ್ತು ದಿನ ಅವರು ಬಾಗಿಲು ಬಾಗಿಲು ತಟ್ಟಿದರು. ಬಾಗಿಲ ಮರೆಯಲ್ಲಿ ಎಲ್ಲರೂ ನರ್ಸಮ್ಮನಿಗೇ ಹಾಕಿದ್ದರು, ಕಾಗದದ ಮೇಲೆ ಯಾರೂ ಹಾಕಿರಲಿಲ್ಲ. ಕಂಟ್ರಾಕ್ಟರನಿಗೆ ಹೆದರಿದವರು ಕೆಲವರು. ಮನೆಯವರಿಗೆ ಹೇಳಿದ್ದೇ ಒಂದು, ಒತ್ತಿದ್ದೇ ಒಂದು ಎಂಬುದು ಬಯಲಾದೀತೆಂದು ಹೆದರಿದವರು ಹಲವರು. ಕೊನೆಗೆ ಉಳಿದದ್ದು ಬೋರ್ಡಿನವರು, ಕ್ಷೌರದಂಗಡಿಯ ಭಾವಮೈದ ಮತ್ತು ಹಾಸಿಗೆಯ ಮೇಲಿದ್ದ ಹೆಂಡತಿ. ಸರಿಯಾಗಿ ಮೂವರು.

ಅರ್ಜಿಯನ್ನೂ ಮೂರು ಅಫಿಡವಿಟ್ಟುಗಳನ್ನೂ ಬೋರ್ಡಿನವರು ಟೈಪು ಮಾಡಿಸಲು ಒಪ್ಪದೆ ಕೈಯಲ್ಲೇ ಬರೆದರು. ಇಪ್ಪತ್ತೆಂಟನೇ ದಿನ ನೋಟರಿಯವರು ರೋಗಿಯ ಸಲುವಾಗಿ ಮನೆಗೇ ಬಂದರು. ಒಂದೊಂದಕ್ಕೆ ಎರಡೆರಡು ಪುಟ. ಪುಟಪುಟಕ್ಕೂ ಸಹಿ ಹಾಕಿಸಿ, ಪುಟಪುಟಕ್ಕೂ ಗುಂಡನೆಯ ಮೊಹರು ಒತ್ತಿದರು. ಹೆಂಡತಿ ಎರಡು ದಿಂಬಿಗೆ ಒರಗಿ, ನಾಲಿಗೆಯ ತುದಿ ಕಚ್ಚಿಕೊಂಡು ಸಹಿ ಹಾಕಿದಳು. ಹೊರಡುವಾಗ ನೋಟರಿಯವರು ಬಾಗಿಲಲ್ಲಿ ತಿರುಗಿ, "ಯಜಮಾನ್ರೇ, ಇನ್ನು ಇದರಲ್ಲಿ ಒಂದಕ್ಷರ ಬದಲಾಗಬಾರದು," ಎಂದರು.

"ಆಗಲಿ," ಎಂದರು ಬೋರ್ಡಿನವರು. ಅದೊಂದು ಸಲ "ನೋಡೋಣ" ಎನ್ನಲಿಲ್ಲ.

ಆ ಸಂಜೆ ಹೆಂಡತಿ ಔಷಧಿ ಕುಡಿಯುವಾಗ ಕೈ ನಡುಗಿ, ಕಂದು ಬಣ್ಣದ ಔಷಧಿಯ ದೊಡ್ಡದೊಂದು ಹನಿ ಅವಳದೇ ಅಫಿಡವಿಟ್ಟಿನ ಮೊದಲ ಪುಟದ ಮೇಲೆ ಬಿತ್ತು. ಅವರ ಕೈ ಹೆಗಲಿಗೆ ಹೋಗಿ ಬರುವಷ್ಟರಲ್ಲಿ ಕಾಗದ ಅದನ್ನು ಕುಡಿದುಬಿಟ್ಟಿತ್ತು. ಅಕ್ಷರಗಳೆಲ್ಲ ಓದಲು ಬರುತ್ತಿದ್ದವು, ಮೊಹರು ಹಾಗೆಯೇ ಇತ್ತು. ನಡುವೆ ಮಾತ್ರ ರೂಪಾಯಿಯಗಲದ ಕಲೆ.

"ಇರಲಿ ಬಿಡ್ರೀ, ಕೋರ್ಟಿನವರೇನು ಅದರಲ್ಲಿ ಊಟ ಮಾಡ್ತಾರಾ?" ಎಂದಳು.

"ನಿನ್ನ ಕಾಗದ ಕಣೇ. ಜಡ್ಜರ ಮುಂದೆ ಹೀಗೆ ಹೋಗಬೇಕಾ ಅದು?"

ಅವರು ಕಿಟಕಿಯ ಪಕ್ಕ ಕುಳಿತು ಆ ಪುಟವನ್ನು ಮತ್ತೆ ಬರೆದರು. ಒಂದಕ್ಷರ ಬದಲಾಗಲಿಲ್ಲ. ಸಾಲು ಮುಗಿದಲ್ಲಿಯೇ ಸಾಲು ಮುಗಿಯಿತು, ಅಂಚು ಅಷ್ಟೇ ಬೆರಳಗಲ. ಹೆಂಡತಿ ಬೈಯುತ್ತಲೇ ಇನ್ನೊಂದು ಸಹಿ ಹಾಕಿದಳು. "ಇದು ಮೊದಲಿನದಕ್ಕಿಂತ ಚೆನ್ನಾಗಿ ಬಂತು," ಎಂದು ತಾನೇ ಮೆಚ್ಚಿಕೊಂಡಳು. ಮೊಹರು ಎರಡನೇ ಪುಟದಲ್ಲಿ ಇದ್ದೇ ಇತ್ತು. ಮಾಸಿದ ಫಲಕವನ್ನು ಉಜ್ಜಿ ಬರೆದಂತೆ, ಅವರ ಮಟ್ಟಿಗೆ ಅದು ಅದೇ ಕಾಗದ. ಕಲೆಯಾದ ಹಾಳೆಯನ್ನು ಅವಳು ಮಡಿಸಿ ಔಷಧಿಯ ತಟ್ಟೆಯ ಅಡಿಗೆ ಹಾಸಿಕೊಂಡಳು.

ಮೂವತ್ತನೇ ದಿನ ಕಿಟಕಿಯ ಗುಮಾಸ್ತ ಪುಟಗಳನ್ನು ಎಣಿಸಿದ. "ಏನು ಅಕ್ಷರ ರೀ, ಅಚ್ಚು ಹಾಕಿದ ಹಾಗಿದೆ," ಎಂದು ಪಕ್ಕದವನಿಗೂ ತೋರಿಸಿದ. ಆ ಹೊಗಳಿಕೆಯನ್ನು ಬೋರ್ಡಿನವರು ಮನೆಗೆ ತಂದು ಹೆಂಡತಿಗೆ ಕೊಟ್ಟರು. ಅದಾದ ಒಂಬತ್ತನೇ ದಿನ, ಅವರು ಹಾಲು ಕಾಯಿಸುತ್ತಿದ್ದಾಗ, ಅವಳು ತೀರಿಕೊಂಡಳು.

ವಿಚಾರಣೆ ಬಂದದ್ದು ಎರಡು ತಿಂಗಳ ಮೇಲೆ. ಬಾಗಿಲಲ್ಲಿ ಜವಾನ ತಡೆದು, "ಯಜಮಾನ್ರೇ, ಆ ಬಟ್ಟೆ ತೆಗೀರಿ," ಎಂದಾಗ ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಖಾಲಿ ಹೆಗಲಿನ ಅವರು ಒಂದು ಕಡೆಗೆ ವಾಲಿದಂತೆ ಕಾಣುತ್ತಿದ್ದರು. ಕಂಟ್ರಾಕ್ಟರನ ವಕೀಲ ಸಾಲು ಜಾರಿದ ವಿಷಯ ಮಾತನಾಡಲೇ ಇಲ್ಲ. ಮೂರನೇ ಅಫಿಡವಿಟ್ಟನ್ನು ಎತ್ತಿ ಹಿಡಿದು, ಇದರ ಮೊದಲ ಪುಟಕ್ಕೆ ಮೊಹರಿಲ್ಲ, ಇದು ಪ್ರಮಾಣ ಮಾಡಿದ ಪುಟವಲ್ಲ, ಹಾಗಾಗಿ ಅರ್ಜಿದಾರರು ಇಬ್ಬರೇ ಎಂದ. ಅಷ್ಟೇ ಅವನ ವಾದ.

ನ್ಯಾಯಾಧೀಶರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ವಯಸ್ಸಾದ ಹೆಂಗಸು. "ಈ ಪುಟ ಆಮೇಲೆ ಸೇರಿಸಿದ್ದಾ?"

"ಹೌದು ತಾಯಿ."

"ಯಾಕೆ?"

"ಮೊದಲಿನದಕ್ಕೆ ಕಲೆ ಆಗಿತ್ತು. ಅವಳ ಕೈ ನಡುಗಿ..." ಎಂದು ಅವರು ಒಳಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ಔಷಧಿಯ ತಟ್ಟೆಯ ಅಡಿಯಲ್ಲಿದ್ದ ಹಾಳೆ. ಅವಳ ಗುರುತೊಂದು ಇರಲೆಂದು ಅವರು ಅದನ್ನು ಅವಳು ಹೋದಂದಿನಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಕಂದು ಕಲೆ, ಅದರ ಪಕ್ಕದಲ್ಲಿ ನಡುಗಿದ ಸಹಿ, ಅದರ ಮೇಲೆ ಗುಂಡನೆಯ ಮೊಹರು.

ನ್ಯಾಯಾಧೀಶರು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. "ಇದೇ ಬೇಕಾಗಿತ್ತು ಯಜಮಾನ್ರೇ. ಹೀಗೇ ತಂದು ಕೊಟ್ಟಿದ್ದರೆ ಸಾಕಾಗಿತ್ತು," ಎಂದರು. "ಮೂವತ್ತು ದಿನ ಕಳೆದ ಮೇಲೆ ತಗೊಳ್ಳೋಕೆ ನನಗೆ ಅಧಿಕಾರ ಇಲ್ಲ. ಅವರನ್ನ ಕರೆಸಿ ಕೇಳೋಣ ಅಂದ್ರೆ..." ಹಾಳೆಯನ್ನು ಮಡಿಸಿ ಅವರ ಕೈಗೇ ಕೊಟ್ಟರು.

ಅರ್ಜಿ ವಜಾ ಆಯಿತು. ಯಾವ ಪ್ರಕರಣವೂ ಬಾಕಿಯಿಲ್ಲದ ಮತಪತ್ರಗಳನ್ನು ಆರು ತಿಂಗಳಾದ ಮೇಲೆ ಸುಡಬಹುದೆಂದು ನಿಯಮ. ಅಲ್ಲಿಯವರೆಗೆ ಬೋರ್ಡಿನವರು ಕೆಲಸ ಮುಗಿಸಿ ಮನೆಗೆ ಹೋಗುವಾಗ ಬಳಸುದಾರಿಯಲ್ಲಿ ಕಚೇರಿಯ ಉಗ್ರಾಣದ ಮುಂದೆ ಹಾದುಹೋಗುತ್ತಿದ್ದರು. ಬೀಗ ಹಾಕಿದ ಆ ಬಾಗಿಲಿನ ಹಿಂದೆ, ಗೆರೆಗೆ ತಾಗದ ಹಾಗೆ ಒತ್ತಿದ ಒಂದು ಗುರುತು ಕತ್ತಲೆಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಒಂದು ದಿನ ಬೀಗ ಇರಲಿಲ್ಲ. ಮಾರನೆಯ ದಿನದಿಂದ ಅವರು ನೇರ ದಾರಿಯಲ್ಲೇ ಹೋಗತೊಡಗಿದರು. ಕತ್ತು ಮಾತ್ರ ಮೇಲೇಳಲಿಲ್ಲ. ನೆಲ ನೋಡಿಕೊಂಡು ನಡೆದರು, ಎಲ್ಲಿಯೂ ಎಡವಲಿಲ್ಲ.

ಮುಂದಿನ ಚುನಾವಣೆಗೆ ಶಾಲೆಯ ಗೋಡೆಯ ಮೇಲೆ ಮತಗಟ್ಟೆಯ ಸಂಖ್ಯೆ ಬರೆಯಲು ಅವರನ್ನೇ ಕರೆದರು. ಏಣಿ ಹಿಡಿಯಲು ಭಾವಮೈದ ಬಂದಿದ್ದ. ಹದಿನಾಲ್ಕರ ೪ ಮುಗಿಯುವಾಗ ಕೆಳಗಿನ ಸುತ್ತಿನಿಂದ ಒಂದು ಹನಿ ಹೊರಟಿತು. ಕೈ ಹೆಗಲಿಗೆ ಹೋಯಿತು. ಅಲ್ಲೇ ನಿಂತಿತು.

"ಭಾವ, ಇಳೀತಾ ಇದೆ. ಒರೆಸಿ, ಒರೆಸಿ!"

"ಇರಲಿ ಬಿಡೋ," ಎಂದರು ಬೋರ್ಡಿನವರು. ಇಬ್ಬರೂ ಅದು ಇಳಿದು ನಿಲ್ಲುವ ತನಕ ನೋಡುತ್ತಿದ್ದರು.

ಈ ಲೋಕದಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ತಮಗೆ ಪ್ರಿಯವಾದದ್ದನ್ನು ದೊಡ್ಡವರ ಮುಂದಿಡುವ ಮೊದಲು ತೊಳೆದು, ಒರೆಸಿ, ನೆಟ್ಟಗೆ ಮಾಡಿ ಇಡುವವರು. ಹಾಗೆ ಇಡುವುದೇ ಅದಕ್ಕೆ ಸಲ್ಲಿಸುವ ಮರ್ಯಾದೆ ಎಂದು ನಂಬಿದವರು. ಕಾನೂನು ಅವರಿಂದ ಅಷ್ಟನ್ನು ಕೇಳಿಯೇ ಇರುವುದಿಲ್ಲ. ಅದಕ್ಕೆ ನಡುಗಿದ ಕೈ ಸಾಕು, ಬಿದ್ದ ಹನಿಯೂ ಆದೀತು. ಆದರೆ ಪ್ರೀತಿಸಿದವರ ನಡುಕವನ್ನು ಪರರ ಮುಂದೆ ಹಾಗೆಯೇ ಬಿಚ್ಚಿ ತೋರಿಸಲು ಇಂಥವರಿಗೆ ಮನಸ್ಸು ಬರುವುದಿಲ್ಲ. ಅವರು ಸೋಲುವುದು ಅಲ್ಲಿಯೇ, ತಮ್ಮ ಅತ್ಯಂತ ಚೆಂದದ ಅಕ್ಷರದಲ್ಲಿ.