ನೀಲಿ ವಾರದ ಕೆಂಪು

ಕೊಣ್ಣೂರಿನ ವೀರಪ್ಪ ಸಾವಕಾರರ ಬಣ್ಣದ ಶೆಡ್ಡಿನಲ್ಲಿ ಯಾರ ಮೈಯೂ ತಾಯಿ ಕೊಟ್ಟ ಬಣ್ಣದಲ್ಲಿ ಉಳಿದಿರಲಿಲ್ಲ. ಹೆಂಗಸರು ಬಿಸಿ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಬಿಟ್ಟು ನೂಲು ತಿರುವುತ್ತಿದ್ದರು. ಉಗುಳಿದರೆ ಬಣ್ಣ, ಸೀನಿದರೆ ಬಣ್ಣ. ಹೀಗಾಗಿ ಉಚ್ಚೆ ಕೆಂಪಗೆ ಹೋದರೂ ಯಾರೂ ಹೌಹಾರುತ್ತಿರಲಿಲ್ಲ. "ಬಣ್ಣ ಇಳ್ಯಾಕತ್ತೈತಿ" ಎಂದು ನಕ್ಕು ಮತ್ತೆ ತೊಟ್ಟಿಗೆ ನಿಲ್ಲುತ್ತಿದ್ದರು.

ಫಕೀರವ್ವನೂ ನಕ್ಕವಳೇ. ಆದರೆ ತೊಂಬತ್ತೆಂಟರ ದೀಪಾವಳಿ ಮುಂದೆ ಶೆಡ್ಡಿನಲ್ಲಿ ವಾರವಿಡೀ ಬರೀ ನೀಲಿ ಹಾಕಿದರು. ಆಕೆಯದು ಕೆಂಪಗೇ ಹೋಗುತ್ತಿತ್ತು.

"ಕಾಡವ್ವ, ನಾ ಕೆಂಪ ತೊಟ್ಟಿ ಮುಟ್ಟೇ ಇಲ್ಲ. ಇದೆಲ್ಲಿಂದ ಬಂತ?"

ಬಾಜೂ ತೊಟ್ಟಿಯ ಕಾಡವ್ವನ ಕೈ ನಿಂತಿತು. "ಯವ್ವಾ, ಅದು ರಕ್ತ ಇರಬೇಕ."

ಸಾವಕಾರರು ಧರ್ಮಾತ್ಮರು. ಗೋಕಾಕದ ಪರಿಚಯದ ಡಾಕ್ಟರರಿಗೆ ಫೋನು ಮಾಡಿ ಕಳಿಸಿದರು. ಅಲ್ಲಿಯ ಸ್ಕ್ಯಾನಿಂಗ್ ಮಶೀನು ಹೊಟ್ಟೆ ಕೊಯ್ಯದೆ ಒಳಗಿನದನ್ನು ಟಿವಿಯಲ್ಲಿ ತೋರಿಸುತ್ತಿತ್ತು.

"ನೀರ ಕುಡದ ತಡಕೊಂಡ ಕೂಡ್ರ. ಉಚ್ಚಿಚೀಲ ತುಂಬಿದ್ರನ ಗಂಟ ಇದ್ರ ಕಾಣತೈತಿ" ಎಂದ ಕಂಪೌಂಡರ.

ಕುಡಿದಳು, ಹೊರಗಿನ ಉದ್ದನೆಯ ಕಟ್ಟಿಗೆ ಬಾಂಕಿನ ಮೇಲೆ ಕೂತಳು. ಕಾರಿನಿಂದಿಳಿದ ಬಸುರಿ ಸೊಸೆಯೊಬ್ಬಳು ಒಳಗೆ ಹೋದಳು. ಹೇಗೂ ಬಂದಿದ್ದೇವಲ್ಲ ಎಂದು ಅವಳ ಅತ್ತೆ ತನ್ನ ಕಿಡ್ನಿಯನ್ನೂ ತೋರಿಸಿಕೊಂಡಳು. ಆಮೇಲೆ ಮತ್ತೊಂದು ಕಾರು ಬಂತು.

"ಯಪ್ಪಾ, ಇನ್ನ ತಡ್ಯಾಕ ಆಗವಲ್ದು."

"ಸೊಲ್ಪ ತಾಳ. ದೊಡ್ಡ ಮಂದಿ ಬಂದಾರ."

ಉಚ್ಚೆಗೆ ದೊಡ್ಡ ಮಂದಿಯ ಮುಲಾಜಿಲ್ಲ. ಫಕೀರವ್ವ ಹಿತ್ತಲಿಗೆ ಓಡಿದಳು. ತಿರುಗಿ ಬಂದದ್ದೇ ಹೆಸರು ಕರೆದರು.

"ಸಾಹೇಬ್ರ, ಖಾಲಿ ಮಾಡಿ ಬಂದೇನ್ರಿ."

"ಇರ್ಲಿ, ಮಲ್ಕೋ." ಡಾಕ್ಟರರು ತಣ್ಣನೆಯ ಲೋಳೆ ಹಚ್ಚಿ ಹೊಟ್ಟೆ ಮೇಲೆ ಮಶೀನು ಎಳೆದರು. "ಏನೂ ಇಲ್ಲ."

ಸಾವಕಾರರಿಗೆ ಬಹಳ ಸಮಾಧಾನವಾಯಿತು. "ಮಶೀನ ಸುಳ್ಳ ಹೇಳತೈತೇನ? ನಾಳಿಂದ ಕೆಂಪ ತೊಟ್ಟಿಗಿ ನಿಂದ್ರ. ನಿನಗೂ ಚಿಂತಿ ಇರಂಗಿಲ್ಲ."

ಫಕೀರವ್ವನಿಂದ ನಡೆದದ್ದೆಲ್ಲ ಕೇಳಿ ಕಾಡವ್ವನಿಗೆ ಮೈಯೆಲ್ಲಾ ಉರಿಯಿತು. "ಖಾಲಿ ಇದ್ರ ಕಾಣಂಗಿಲ್ಲ ಅಂದಾವ್ರೂ ಅವ್ರ. ಖಾಲಿ ಇದ್ದಾಗ ನೋಡಿದಾವ್ರೂ ಅವ್ರ. ನಡೀರಿ ಎಲ್ಲಾರೂ."

ಮರುದಿನ ತೊಟ್ಟಿಗಳಿಗೆ ಬೆಂಕಿ ಹಾಕುವವರಿರಲಿಲ್ಲ. ಹೆಂಗಸರೆಲ್ಲ ಗೋಕಾಕದ ಬಸ್ಸು ಹತ್ತಿ, ಸ್ಟ್ಯಾಂಡಿನ ನಳದಲ್ಲಿ ಹೊಟ್ಟೆ ತುಂಬ ನೀರು ಕುಡಿದು ದವಾಖಾನೆಯ ಬಾಂಕಿನ ಮೇಲೆ ಕೂತರು. ಕಾರೊಂದು ಬಂತು. ಕಾಡವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಮೊದಲ ನಮ್ಮ ಫಕೀರವ್ವ."

"ಪೊಲೀಸ್ರನ್ನ ಕರೀತೇನಿ ನೋಡ" ಎಂದ ಕಂಪೌಂಡರ.

"ಕರೀಪಾ. ಅವ್ರು ಬರೂತನಕ ಇಕಿನ್ನ ನೋಡ್ಲಿ."

ಈ ಸಲ ಡಾಕ್ಟರರ ಕೈ ಒಂದೆಡೆ ನಿಂತಿತು. ಟಿವಿಯ ಕರಿ ಚೀಲದೊಳಗೆ, ಗೋಡೆಗೆ ಬೆಳ್ಳಗಿನದೇನೋ ಅಂಟಿಕೊಂಡಿತ್ತು. ಫಕೀರವ್ವನಿಗೆ ಅಳು ತಡೆಯಲಾಗಲಿಲ್ಲ.

"ಗಡ್ಡಿ ಐತಿ. ಬೆಳಗಾಂವಿಗಿ ಹೋಗಿ ತಗಸಬೇಕ" ಎಂದರು ಡಾಕ್ಟರರು. "ಇಷ್ಟ ತಡಾ ಮಾಡಿ ಬರೂದಾ?"

"ತಡಾ ಮಾಡಿಲ್ರಿ. ನೀವ ಬಾಂಕಿನ ಮ್ಯಾಲ ಕೂಡಿಸಿದ್ರಿ" ಎಂದಳು ಕಾಡವ್ವ. ಫಕೀರವ್ವನನ್ನು ಕೈಹಿಡಿದು ಇಳಿಸಿ, ತಾನು ಆ ಮಂಚ ಹತ್ತಿ ಮಲಗಿದಳು.

"ನಿನಗೇನಾಗೇತಿ?"

"ನಂದೂ ಕೆಂಪ ಹೋಗತೈತ್ರಿ. ಹೊರಗ ಕುಂತಾರ್ದೂ ಅಷ್ಟ. ಎಲ್ಲಾರೂ ನೀರ ಕುಡದ ಬಂದೇವಿ, ಲಗೂನ ನೋಡ್ರಿ."