ಒಣಗೋಡೆಯ ತಾಯಿ

ಅರಸ ಹೊಸ ಬೋಧಕರ ಮಾತಿಗೆ ತಲೆಯಾಡಿಸಿದ ವರ್ಷ ಅದು. ದೇವರ ವಾಕ್ಯವೊಂದೇ ಸಾಕು, ಇಗರ್ಜಿಯ ಗೋಡೆಗಳ ಮೇಲೆ ಚಿತ್ರ ಕೂಡದು ಎಂದು ಅಪ್ಪಣೆಯಾಯಿತು. ಅರಮನೆಯಲ್ಲಿ ಅದು ಬರೀ ಮಾತಾಗಿತ್ತು. ಹಳ್ಳಿ ಮುಟ್ಟುವ ಹೊತ್ತಿಗೆ ಅದಕ್ಕೆ ಕುದುರೆಯೂ ಕತ್ತಿಯೂ ಬಂದಿದ್ದವು. ಸಂತನೊಬ್ಬನ ಮುಖವನ್ನು ಬಿಟ್ಟು ಸುಣ್ಣ ಬಳಿದನೆಂದು ಪಕ್ಕದೂರಿನ ಸುಣ್ಣಗಾರನ ಬಲಗೈ ತೆಗೆದಿದ್ದರು.

ಈ ಊರಿನ ಸುಣ್ಣಗಾರ ಬೆಳಿಗ್ಗೆ ಇಗರ್ಜಿಯೊಳಗೆ ಸುಣ್ಣದ ಬಾನಿ ಇಳಿಸಿದ. ಎದುರಿನ ಗೋಡೆಯಲ್ಲಿ ಮಗುವನ್ನೆತ್ತಿಕೊಂಡ ಮರಿಯಮ್ಮ. ಮಗಳು ನೀರಿನ ಕೊಡ ಎತ್ತಿದಳು.

"ಅದು ಅಲ್ಲೇ ಇರಲಿ" ಎಂದ.

"ಗೋಡೆ ನೆನೆಸದೆ ಬಳಿದ್ರೆ ಸುಣ್ಣ ಹಿಡಿಯುತ್ತೇನಪ್ಪಾ? ಮಳೆಗಾಲ ಬರೋದ್ರೊಳಗೆ ಪೊರೆ ಬಿಟ್ಟ ಹಾಗೆ ಉದುರುತ್ತೆ."

"ಉದುರಲಿ ಅಂತಲೇ."

ಮಗಳು ಕೊಡ ಇಳಿಸಲಿಲ್ಲ. ಇವಳನ್ನು ಹೆತ್ತ ದಿನವೇ ತಾಯಿ ಕಣ್ಣು ಮುಚ್ಚಿದ್ದಳು. ಹಸುಗೂಸನ್ನು ಇದೇ ಗೋಡೆಯ ಬುಡದಲ್ಲಿ ಮಲಗಿಸಿ, "ಇನ್ನು ನೀನೇ ನೋಡ್ಕೋ ತಾಯಿ" ಎಂದು ಅವನು ಅತ್ತಿದ್ದ. ಆದರೆ ಮಗಳು ಹೊಸ ಬೋಧಕರ ಬಾಯಲ್ಲಿ ದೇವರ ಮಾತನ್ನು ಮೊದಲ ಸಲ ತನ್ನದೇ ಭಾಷೆಯಲ್ಲಿ ಕೇಳಿ ಅತ್ತವಳು. ಎರಡೂ ಕಣ್ಣೀರು ನಿಜವೇ. ಯಾವುದು ಎಲ್ಲಿಗೆ ಮುಟ್ಟಿತೋ, ಮೇಲಿರುವವನೇ ಬಲ್ಲ.

"ಅದು ಬಣ್ಣ ಅಪ್ಪಾ. ದೇವರು ಗೋಡೆಗೆ ಅಂಟಿಕೊಂಡು ಕೂತಿರ್ತಾನಾ?"

"ಓಹೋ, ಬೋಧಕಿಯಮ್ಮನೋರು! ಈ ಬಣ್ಣದ ಕಾಲಡೀಲಿ ಬೆಳೆದ ಬಾಯಿ ಅದು, ನೆನಪಿರಲಿ."

"ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳಲ್ಲ."

"ಹೇಳಬೇಡ. ಗೋಡೆ ನೀರು ಕುಡೀತೋ ಇಲ್ವೋ ಅಂತ ಯಾವ ಪುಣ್ಯಾತ್ಮ ಕೇಳ್ತಾನೆ?"

ಆ ಪುಣ್ಯಾತ್ಮ ಬಾಗಿಲಲ್ಲೇ ನಿಂತಿದ್ದ. ಅರಸನ ಅಧಿಕಾರಿ, ಹಿಂದೆ ಇಬ್ಬರು ಸೈನಿಕರು. ಒಳಗೆ ಬಂದು, ಗೋಡೆಯ ಮೇಲೆ ಅಂಗೈಯನ್ನು ಮೆಲ್ಲಗೆ ಊರಿದ.

"ನಮ್ಮಪ್ಪನೂ ಸುಣ್ಣ ಬಳಿಯೋರೇ" ಎಂದ. ದನಿ ಮೃದುವಾಗಿತ್ತು. "ಅದಕ್ಕೇ ಈ ಕೆಲಸಕ್ಕೆ ನನ್ನನ್ನೇ ಕಳಿಸಿದ್ದು. ಏನಮ್ಮಾ, ಗೋಡೆ ನೆನೆಸಿಲ್ವಾ?"

ಸುಣ್ಣಗಾರ ತನ್ನ ಬಲಗೈಯನ್ನು ನೋಡಿಕೊಂಡ.

"ಇಲ್ಲ" ಎಂದಳು ಮಗಳು. ಸೈನಿಕನೊಬ್ಬ ಒಂದು ಹೆಜ್ಜೆ ಮುಂದಿಟ್ಟ. "ಈಗ ನೆನೆಸ್ತೀನಿ."

ಕೈಯಲ್ಲಿದ್ದ ಕೊಡದಿಂದ ನೀರೆರಚಿದಳು. ತಲೆಮಾರುಗಳಿಂದ ಮೆತ್ತಿದ್ದ ಮೇಣದ ಬತ್ತಿಯ ಮಸಿಯ ಅಡಿಯಿಂದ ಬಣ್ಣಗಳು ಒಮ್ಮೆಲೇ ಎದ್ದವು. ಸೆರಗು ನೀಲಿಯಾಯಿತು, ಮಗುವಿನ ಕೆನ್ನೆ ಕೆಂಪಾಯಿತು. ಆ ಮುಖ ಇಷ್ಟು ಹತ್ತಿರವಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅಪ್ಪಾ..." ಎಂದಳು.

"ಬಳಿ" ಎಂದ ಅಧಿಕಾರಿ.

ಸುಣ್ಣಗಾರ ಕುಂಚ ಅದ್ದಿ ಬಳಿದ. ಹಸಿ ಸುಣ್ಣದ ಒಳಗಿಂದ ತಾಯಿ ಹಾಗೆಯೇ ನೋಡುತ್ತಿದ್ದಳು.

"ಒಡೆಯಾ, ಇನ್ನೂ ಕಾಣ್ತಿದಾಳೆ!" ಸೈನಿಕನೊಬ್ಬ ಹಿಂದೆ ಸರಿದ.

"ಹಸಿ ಸುಣ್ಣ ಹಾಗೇ. ಒಣಗಲಿ." ಅಧಿಕಾರಿ ಬೆಂಚಿನ ಮೇಲೆ ಕೂತು, ಇವರಿಗೂ ಕೂರಲು ಸನ್ನೆ ಮಾಡಿದ.

ಗೋಡೆ ಬೆಳ್ಳಗಾಗುತ್ತ ಬಂತು. ಮೊದಲು ಸೆರಗು ಹೋಯಿತು, ಆಮೇಲೆ ಮಗು. ಮಗಳು ಅಪ್ಪನ ಬಲಗೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಅವಳತ್ತ ನೋಡಲೂ ಇಲ್ಲ. ಗೋಡೆಯ ತಾಯಿಯ ಕಣ್ಣುಗಳು ಕೊನೆಗೆ ಹೋದವು.

ಹೊರಗೆ ಬೀದಿಯುದ್ದಕ್ಕೂ ಉಳಿದ ಸೈನಿಕರು ಮನೆಗಳ ಬಾಗಿಲು ಬಡಿಯುವ ಸದ್ದು ಒಂದೊಂದಾಗಿ ಹತ್ತಿರ ಬರುತ್ತಿತ್ತು.

ಅಧಿಕಾರಿ ಎದ್ದ. "ಬಾನಿ ಎತ್ಕೊಳ್ಳಿ. ಮನೆ ಗೋಡೆ ಮೇಲೂ ಚಿತ್ರ ಕೂಡದು. ಇನ್ನು ನಿಮ್ಮ ಮನೆ ತೋರಿಸಿ."