ಕೆಲಸದ ಮೇಲೆ ಪ್ರೀತಿ ಇದೆಯಾ

ಬಾಗಿಲ ಗಾಜಿನಾಚೆ ಮ್ಯಾನೇಜರ ತಲೆ ಅಲ್ಲಾಡುತ್ತಿದೆ, ಎದುರಿಗೆ ಕೂತು ನಗುತ್ತಿದ್ದಾಳೆ ಚೂಟಿ, ಎಲ್ಲರೂ ಹಾಗೇ ಕರೆಯುವ ಹೊಸ ಹುಡುಗಿ, ಸೇರಿ ಮೂರು ತಿಂಗಳಾಗಿಲ್ಲ, ಇಷ್ಟು ಹೊತ್ತು ಏನು ಮಾತಾಡುತ್ತಾಳೋ — ಕಣ್ಣಕ್ಕ ಬೆವರಿದ ಅಂಗೈಯನ್ನು ಬಿಳಿ ಕೋಟಿಗೆ ಒರೆಸಿಕೊಂಡಳು, ಮತ್ತೆ ಬೆವರಿತು. ಹತ್ತೊಂಬತ್ತು ವರ್ಷ ಇದೇ ಔಷಧಿ ಕಾರ್ಖಾನೆ, ದೀಪದ ಮುಂದೆ ಇಂಜೆಕ್ಷನ್ ಬಾಟಲಿ ಎತ್ತಿ ಹಿಡಿದು, ಒಮ್ಮೆ ತಿರುಗಿಸಿ, ಕಪ್ಪು ಹಲಗೆಯ ಎದುರು ಐದರವರೆಗೆ ಎಣಿಸಿ, ಬಿಳಿ ಹಲಗೆಯ ಎದುರು ಐದು ಎಣಿಸಿ, ಕಸ ಕಂಡರೆ ಕೆಂಪು ಬುಟ್ಟಿಗೆ, ಅದಕ್ಕೇ ಕಣ್ಣಕ್ಕ, ಸ್ವಂತ ಹೆಸರು ಇರುವುದು ಸಂಬಳದ ಚೀಟಿಯಲ್ಲಿ ಮಾತ್ರ — ಈ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಕೆಲಸದ ಮೇಲೆ ಪ್ರೀತಿ ಇದೆಯಾ? ಹೊಸ ಮ್ಯಾನೇಜರು ಬಂದ ಮೇಲೆ ಫಾರಮಿನಲ್ಲಿ ಅದಕ್ಕೊಂದು ಕಲಂ, ಹತ್ತಕ್ಕೆ ಇಷ್ಟು ಅಂತ ಅಂಕ, ಕಮ್ಮಿ ಬಿದ್ದವರು ತಪಾಸಣೆ ಬಿಟ್ಟು ಡಬ್ಬ ಕಟ್ಟುವ ವಿಭಾಗಕ್ಕೆ. ಬೆಳಿಗ್ಗೆ ಗಂಡ ಅಂದಿದ್ದ, ಇದೆ ಅಂದ್ಬಿಡೇ, ನಿನ್ನ ಗಂಟೇನು ಹೋಗುತ್ತೆ, ನನ್ನ ಮೇಲೆ ಇದೆ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿಲ್ವಾ — ಅವನ ಜೊತೆ ತಾನೂ ನಕ್ಕಿದ್ದಳು. ಪ್ರೀತಿ ಅಂದರೆ ಯಾವುದು, ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಆಯಿತಲ್ಲ ಅದಾ, ಬಾಟಲಿ ಕಂಡು ಅದು ಆಗುತ್ತದಾ, ಬಾಟಲಿ ಕಂಡರೆ ಆಗುವುದು ಬೇರೆಯೇ, ಆ ಒಂದು ದಿನದಿಂದ — ಮಗಳಿಗೆ ಜ್ವರ ಅಂತ ಶಾಲೆಯಿಂದ ಫೋನು ಬಂದಿತ್ತು, ಎರಡೇ ಎಣಿಸಿ ಬಾಟಲಿ ಮುಂದೆ ತಳ್ಳಿದ್ದಳು, ಪಕ್ಕದ ಹಿರಿಯಾಕೆ ಮಣಿಕಟ್ಟು ಹಿಡಿದು, ಎಲ್ಲಿದೆಯೇ ನಿನ್ನ ಗಮನ, ನೋಡಿಲ್ಲಿ, ಅಂತ ಅದನ್ನೇ ಬೆಳಕಿಗೆ ಹಿಡಿದರೆ, ಒಳಗೆ ಗಾಜಿನ ಚೂರು, ಸಾಸಿವೆಯ ಕಾಲು ಭಾಗ, ಸುತ್ತುತ್ತಾ, ಮಿಂಚುತ್ತಾ, ಯಾರ ನರಕ್ಕೆ ಇಳಿಯುತ್ತಿತ್ತೋ.

ಮುಂದಿನವರು ಬನ್ನಿ. ಚೂಟಿ ಹೊರಬಂದವಳು ಕಿವಿಗೆ ಬಾಯಿಟ್ಟು, ಹತ್ತಕ್ಕೆ ಹತ್ತು ಅಕ್ಕಾ, ಈ ಕೆಲಸಾನೇ ನನ್ನ ಉಸಿರು ಅಂದ್ಬಿಟ್ಟೆ — ಒಳ್ಳೆಯ ಹುಡುಗಿ, ಊಟದ ಡಬ್ಬಿ ಹಂಚಿಕೊಂಡೇ ತಿನ್ನುತ್ತಾಳೆ, ಆದರೆ ಅವಳು ಎಣಿಸುವುದು ಎರಡೇ, ಕೈ ಬಲು ಚುರುಕು ಅಂತ ಅವಳ ಫೋಟೋ ಗೋಡೆಗೆ ಹಾಕಿದ್ದಾರೆ. ಕಣ್ಣಕ್ಕ ಒಳಗೆ ಹೋಗಿ ಮ್ಯಾನೇಜರ ಎದುರು ಕೂತಳು. ಹೇಳಿ ಅಮ್ಮಾ, ಈ ಕೆಲಸದ ಮೇಲೆ ಪ್ರೀತಿ ಇದೆಯಾ? ಇದೆ ಅನ್ನು, ಅನ್ನು, ಇದೆ — ಭಯ ಇದೆ ಸರ್. ಭಯಾನಾ, ನನ್ನ ಕಂಡ್ರಾ? ಅಲ್ಲ ಸರ್, ಬಾಟಲಿ ಕಂಡ್ರೆ, ದಿನಾ, ಒಂದೊಂದನ್ನ ಕಂಡ್ರೂ, ಅದಕ್ಕೇ ಐದು ಎಣಿಸ್ತೀನಿ. ಅವರು ನಕ್ಕರು, ಕೆಟ್ಟವರೇನಲ್ಲ, ಭಯದಿಂದ ಕಂಪನಿ ಬೆಳೆಯಲ್ಲಮ್ಮಾ, ನಮಗೆ ಮನಸ್ಸು ಕೊಡೋರು ಬೇಕು, ಪೆನ್ನು ಕಲಮಿನಲ್ಲಿ ಎರಡು ಬರೆಯಿತು, ನಾಳೆಯಿಂದ ಡಬ್ಬ ಕಟ್ಟಿ, ಸಂಬಳ ಅಷ್ಟೇ ಇರುತ್ತೆ, ಕಣ್ಣಿಗೂ ಆರಾಮ, ನಿಮ್ಮ ದೀಪದ ಮುಂದೆ ಈಗ ಹೋದಳಲ್ಲ ಆ ಹುಡುಗಿ ಕೂರ್ತಾಳೆ. ಸರ್, ಅವಳಿಗೆ ಐದು ಎಣಿಸೋಕೆ ಹೇಳಿ ಸರ್. ಆಯ್ತು, ಆಯ್ತು, ಮುಂದಿನವರನ್ನ ಕಳಿಸಿ. ಕೆಲಸ ಹೋಗಲಿಲ್ಲ, ಸಂಬಳ ಹೋಗಲಿಲ್ಲ, ಆದರೆ ನಾಳೆ ಹತ್ತತ್ತು ಬಾಟಲಿ ಜೋಡಿಸಬೇಕು, ಮುಚ್ಚಬೇಕು, ಅಂಟಿಸಬೇಕು, ಅಲ್ಲಿ ದೀಪವಿಲ್ಲ, ಹಲಗೆಯಿಲ್ಲ, ನೋಡುವ ಹಾಗೂ ಇಲ್ಲ, ತನ್ನ ಕೈಯಿಂದಲೇ ದಾಟಿ ಹೋಗುತ್ತವೆ, ಯಾವುದರಲ್ಲಿ ಇದೆಯೋ, ಚೂರು, ಸುತ್ತುತ್ತಾ, ಮಿಂಚುತ್ತಾ, ಸುತ್ತುತ್ತಾ —